ಕೊಟ್ರಮ್ಮ ವಾಪಸ್ ಕೊಟ್ಟ ಕಾಯಿಗಳು

ನಮ್ಮೂರಿನ ಹೆಂಗಸರು ಊರು ಬಿಟ್ಟು ಹೋಗುವುದಕ್ಕೆ ನಾಲ್ಕೇ ಕಾರಣ: ದೇವರು, ಮದುವೆ, ಸಾವು, ಆಸ್ಪತ್ರೆ. ಈ ನಾಲ್ಕರಲ್ಲಿ ಒಂದನ್ನು ಹೇಳಿ, ಯಾರೂ ತುಟಿಪಿಟಕ್ಕೆನ್ನುವುದಿಲ್ಲ. ಐದನೆಯದೊಂದನ್ನು ಹೇಳಿ ನೋಡಿ, ಊರಿನವರ ಬಾಯಿ ಎಷ್ಟು ದೊಡ್ಡದು ಅಂತ ಆಗ ಗೊತ್ತಾಗುತ್ತದೆ. ನಮ್ಮ ಕೊಟ್ರಮ್ಮಕ್ಕ ಐದನೆಯದನ್ನು ಹೇಳಿದಳು. ಅವಳಿಗೆ ತಲೆ ಕೆಟ್ಟಿದೆ, ಕೈಗೆ ನಾಲ್ಕು ಕಾಸು ಬಂದ ಮೇಲೆ ಕೊಬ್ಬು ಬಂದಿದೆ ಎಂದು ಆಡಿಕೊಂಡವರು ಇನ್ನೂ ಇದ್ದಾರೆ. ಅವರಿಗೆಲ್ಲ ಒಂದೇ ಸಲ ಉತ್ತರ ಹೇಳಿ ಮುಗಿಸೋಣ ಅಂತ ಬರೆಯಲು ಕೂತಿದ್ದೇನೆ.

ನಾನು ಕಲ್ಪನಾ. ಕೊಟ್ರಮ್ಮ ನನ್ನ ಗಂಡನ ಅಣ್ಣನ ಹೆಂಡತಿ, ನನಗೆ ವಾರಗಿತ್ತಿ. ಇಬ್ಬರೂ ಒಂದೇ ಒಲೆಯಲ್ಲಿ ಬೇಯಿಸುವವರು. ಜಗಳೂರಿನಿಂದ ಹತ್ತು ಕಿಲೋಮೀಟರ್ ಒಳಗಿದೆ ನಮ್ಮೂರು. ಅವಳು ಹುಟ್ಟಿದ್ದು ಹೊಳೆ ದಂಡೆಯ ಸಾಸ್ವೆಹಳ್ಳಿಯಲ್ಲಿ. ಮದುವೆಯಾಗಿ ಈ ಒಣ ಸೀಮೆಗೆ ಬಂದ ಮೊದಲ ವಾರವೇ "ಇಲ್ಲಿ ಹೊಳೆ ಎಲ್ಲೈತೆ?" ಎಂದು ಕೇಳಿದಳಂತೆ. ಮಾವ ಬೋರ್‌ವೆಲ್ ತೋರಿಸಿದರಂತೆ. ಬಂದು ಹನ್ನೆರಡು ವರ್ಷ ಆಯಿತು. ಅಷ್ಟರಲ್ಲಿ ಅವಳು ನೋಡಿದ ಊರುಗಳು ಯಾವುವು? ಹೆರಿಗೆಗೆ ಎರಡು ಸಲ ದಾವಣಗೆರೆ, ಹರಕೆಗೆ ಕೊಟ್ಟೂರು, ಅಮಾವಾಸ್ಯೆಗೆ ಉಕ್ಕಡಗಾತ್ರಿ, ನೆಂಟರ ಮದುವೆಗೆ ಚನ್ನಗಿರಿ, ನ್ಯಾಮತಿ. ಅಲ್ಲೆಲ್ಲ ನೋಡಿದ್ದೂ ಅಷ್ಟೇ, ಕಲ್ಯಾಣ ಮಂಟಪದ ಅಡುಗೆಮನೆ.

ಒಂಬತ್ತು ವರ್ಷದಿಂದ ಅವಳು ನಮ್ಮೂರ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ನೂರಾ ಹದಿನೆಂಟು ಮಕ್ಕಳು. ಯಾವ ಮಗು ಎಷ್ಟು ಉಣ್ಣುತ್ತದೆ, ಯಾವುದು ಬೇಳೆ ಬಿಟ್ಟು ಬರೀ ತಿಳಿ ಕುಡಿಯುತ್ತದೆ, ಯಾವುದಕ್ಕೆ ಹನ್ನೊಂದಕ್ಕೇ ಹಸಿವಾಗಿ ಅಳು ಬರುತ್ತದೆ, ಎಲ್ಲ ಅವಳಿಗೆ ಬಾಯಿಪಾಠ. ಪ್ರತಿ ವರ್ಷ ದೊಡ್ಡ ಕ್ಲಾಸಿನವರು ಪ್ರವಾಸ ಹೋಗುವಾಗ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಚಿತ್ರಾನ್ನ ಕಲಸಿ ಬುತ್ತಿ ಕಟ್ಟುವವಳು ಅವಳೇ. ಬುತ್ತಿ ಬಸ್ಸು ಹತ್ತುತ್ತದೆ, ಕಟ್ಟಿದವಳು ಗೇಟಿನಲ್ಲಿ ನಿಂತು ಕೈ ಬೀಸಿ ಪಾತ್ರೆ ತೊಳೆಯಲು ಹೋಗುತ್ತಾಳೆ.

ಈಗ ಅವಳ ಮಗಳು ಚೈತ್ರಶ್ರೀ ವಿಷಯಕ್ಕೆ ಬರುತ್ತೇನೆ, ಎಲ್ಲ ಶುರುವಾಗಿದ್ದೇ ಅಲ್ಲಿಂದ. ಏಳು ವರ್ಷದ ಹುಡುಗಿ, ಎರಡನೇ ಕ್ಲಾಸು. ಆಗೆಲ್ಲ ಬಾಯಿ ಅಂದರೆ ಬಾಯಿ ಅವಳದು. ಕಳೆದ ಜುಲೈಯಲ್ಲಿ ಮೇಷ್ಟ್ರು, ನಿಮಗೆ ಗೊತ್ತಿರುವ ಒಂದು ಪ್ರಾಣಿಯ ಬಗ್ಗೆ ಹೇಳಿ ಎಂದರಂತೆ. ಎಲ್ಲರೂ ಎಮ್ಮೆ, ಕುರಿ, ನಾಯಿ ಎಂದು ಹೇಳಿದರು. ಇವಳು ಎದ್ದು ನಿಂತು, "ಜಿರಾಫೆ. ಅದರ ಕುತ್ತಿಗೆ ಉದ್ದ ಇರ್ತೈತೆ. ಕುತ್ತಿಗೆಯಾಗೆ ಮೇಲಿಂದ ಕೆಳಗಿನತನ ಒಂದು ಬಿರುಕು ಇರ್ತೈತೆ" ಎಂದಳು.

"ಬಿರುಕಾ? ಎಲ್ಲಿ ನೋಡ್ದೆ ನೀನು?"

"ಅಂಗನವಾಡಿ ಗೋಡೆ ಮ್ಯಾಲೆ ಸಾರ್."

ಮೂರು ವರ್ಷ ಆ ಗೋಡೆಯ ಚಿತ್ರದ ಕೆಳಗೇ ಕೂತು ಬೆಳೆದ ಮಗು ಅದು. ಗೋಡೆ ಬಿರುಕು ಬಿಟ್ಟಿದೆ, ಬಿರುಕು ಸರಿಯಾಗಿ ಜಿರಾಫೆಯ ಕತ್ತಿನ ಮೇಲೇ ಹಾದಿದೆ. ಅದಕ್ಕೇನು ಗೊತ್ತು? ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರೂ ನಕ್ಕರು. ಅವತ್ತಿನಿಂದ ಹುಡುಗರು ಅವಳನ್ನು "ಬಿರುಕು" ಎಂದೇ ಕರೆಯತೊಡಗಿದರು. ಅಡುಗೆಮನೆಯ ಕಿಟಕಿಯಾಚೆ ಅಕ್ಕಿ ಆರಿಸುತ್ತಿದ್ದ ಕೊಟ್ರಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಚೈತ್ರ ಅಂದಿನಿಂದ ಬಾಯಿ ಮುಚ್ಚಿದಳು. ಹಾಜರಿ ಕರೆದರೆ ಬರೀ ಕೈ ಎತ್ತುತ್ತಾಳೆ. ಮನೆಯಲ್ಲೂ ಕೇಳಿದ್ದಕ್ಕೆ ಹ್ಞೂ, ಉಹ್ಞೂ ಅಷ್ಟೇ. ತಿಂಗಳು ನೋಡಿದಳು ಕೊಟ್ರಮ್ಮ, ಎರಡು ತಿಂಗಳು ನೋಡಿದಳು. ಸೆಪ್ಟೆಂಬರಿನ ಒಂದು ದಿನ ಮಾವನಿಗೆ ಊಟಕ್ಕೆ ಬಡಿಸುತ್ತಾ ನೆಟ್ಟಗೆ ಹೇಳಿಯೇಬಿಟ್ಟಳು.

"ಮಾವ, ದಸರಾ ರಜೆಯಾಗೆ ಹುಡುಗ್ರನ್ನ ಮೈಸೂರಿಗೆ ಕರ್ಕಂಡು ಹೋಗ್ತೀನಿ."

ನಮ್ಮ ಮಾವ ಮುರುಗೇಶಪ್ಪ. ಕೆಟ್ಟವರಲ್ಲ, ಆದರೆ ಹಿಡಿದ ಹಟ ಬಿಡುವವರಲ್ಲ. ರೊಟ್ಟಿ ಮುರಿಯುತ್ತಾ, "ಯಾವ ದೇವ್ರಿಗೆ?" ಎಂದರು.

"ದೇವ್ರಿಗಲ್ಲ. ಜಿರಾಫೆ ನೋಡಾಕೆ."

"ಏನು ನೋಡಾಕೆ?"

"ಜಿರಾಫೆ. ಆನೆ, ಹುಲಿ, ಅರಮನೆ. ಊರು ನೋಡಾಕೆ."

"ಬರೀ ನೋಡಾಕೆ ಅಂತ ಯಾರಾದ್ರೂ ಹೋಗ್ತಾರೇನವ್ವಾ? ಈ ಮನ್ಯಾಗೆ ಯಾವಳು ಹೋಗಿದ್ಲು ಹೇಳು."

"ಯಾರೂ ಹೋಗಿಲ್ಲ. ಅದಕ್ಕೇ ನಾನು ಹೋಗ್ತೀನಿ."

ನಾನು ಒಲೆ ಮುಂದೆ ಕೂತವಳು ನಾಲಿಗೆ ಕಚ್ಚಿಕೊಂಡೆ. ಮಾವ ಅರ್ಧ ರೊಟ್ಟಿ ಬಿಟ್ಟು ಎದ್ದರು. ಕೊಟ್ರಮ್ಮನ ಗಂಡ ಕಲ್ಲೇಶ್ ಭಾವ ಹೊರಗಿನಿಂದ ಬಂದು, "ನಂದೇನಿಲ್ಲ ಮಾರಾಯ್ತಿ, ಅಪ್ಪನ್ನ ಒಪ್ಸು" ಎಂದರು. "ಒಪ್ಸಾಕೆ ಹೋಗಿರ್ಲಿಲ್ಲ ನಾನು, ಹೇಳಾಕೆ ಹೋಗಿದ್ದೆ" ಎಂದಳು ಅವಳು. ಭಾವನಿಗೂ ನನ್ನ ಗಂಡನಿಗೂ ಆಗ ಮೆಕ್ಕೆಜೋಳ ಒಕ್ಕುವ ಮೆಷಿನ್ನಿನ ಕೆಲಸ, ಹಗಲೆಲ್ಲ ಯಾರದೋ ಕಣದಲ್ಲಿ. ಅವರು ಬರುವ ಮಾತೇ ಇರಲಿಲ್ಲ.

ಎರಡು ದಿನ ಬಿಟ್ಟು ಮಾವ ಸ್ವಲ್ಪ ಇಳಿದು ಬಂದರು. "ನಂಜನಗೂಡಿಗೆ ಹೋಗ್ತೀವಿ ಅನ್ನು. ಹೆಂಗೂ ಮೈಸೂರಿನ ಮಗ್ಗುಲಾಗೇ ಐತೆ. ಸ್ವಾಮಿ ದರ್ಶನ ಮಾಡ್ಕಂಡು, ಬರ್ತಾ ಅದೇನೋ ಪ್ರಾಣಿ ನೋಡ್ಕಂಡು ಬರ್ರಿ. ಯಾರೂ ಏನೂ ಅನ್ನಲ್ಲ."

ನನಗೆ ಉಸಿರು ಬಂದಂತಾಯಿತು. ಆದರೆ ಈ ಮಹಾತಾಯಿ ಒಪ್ಪಬೇಕಲ್ಲ! "ಬ್ಯಾಡ ಮಾವ. ಸ್ವಾಮಿಗೆ ಹೋಗೋ ದಿನ ಸ್ವಾಮಿಗೇ ಹೋಗ್ತೀನಿ. ಪ್ರಾಣಿ ನೋಡಾಕೆ ಹೋಗೋದಕ್ಕೆ ಸ್ವಾಮೀನ ಯಾಕೆ ನೆಪ ಮಾಡ್ಲಿ?" ಎಂದಳು.

ಅವತ್ತು ಹಿತ್ತಲಲ್ಲಿ ನಾನು ಅವಳನ್ನು ಚೆನ್ನಾಗಿ ಬೈದೆ. "ಅಲ್ಲಕ್ಕಾ, ನಂಜನಗೂಡು ಅನ್ನೋಕೆ ನಿನ್ ಗಂಟೇನು ಹೋಗ್ತಿತ್ತು? ಒಂದು ಮಾತು! ಎಲ್ರ ಬಾಯೂ ಮುಚ್ತಿತ್ತು."

ಅವಳು ಪಾತ್ರೆ ತಿಕ್ಕುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಕಣ್ಣಲ್ಲಿ ನೀರಿತ್ತು, ಸಿಟ್ಟಿನ ನೀರು. "ಎಲ್ರ ಬಾಯಿ ಮುಚ್ಚೋದಲ್ಲ ಕಲ್ಪನಾ, ನನ್ ಮಗಳ ಬಾಯಿ ತೆರೀಬೇಕು. ನೋಡಬೇಕು ಅಂತ ಆಸೆ ಆದ್ರೆ ಅದನ್ನ ಯಾವುದಾದ್ರೂ ದೇವ್ರ ಹಿಂದೆ ಬಚ್ಚಿಡಬೇಕು ಅಂತ ಈಗ್ಲೇ ಕಲೀಬೇಕಾ ಅವ್ಳು? ಜನ ನಕ್ರು ಅಂತ ಸುಮ್ಕಾಗಿದ್ದಾಳೆ. ಇನ್ನು ನಾನೇ ಸುಳ್ಳು ಹೇಳಾಕೆ ಕಲಿಸಿದ್ರೆ ಮುಗೀತು."

ನನ್ನ ಮಗಳು ಸಂಧ್ಯಾರಾಣಿಯನ್ನೂ ಕರೆದುಕೊಂಡು ನಾನೂ ಬರುತ್ತೇನೆ ಎಂದೆ. ಅವಳಿಗೆ ಐದು ವರ್ಷ. ಚೈತ್ರನ ತಮ್ಮ ಪ್ರದೀಪನಿಗೆ ನಾಲ್ಕು. ಹೀಗೆ ಎರಡು ಹೆಂಗಸರು, ಮೂರು ಮಕ್ಕಳು ಎಂದಾಯಿತು.

ಮೈಸೂರಿನಲ್ಲಿ ನೋಡುವ ಜಾಗಗಳನ್ನು ನಾನು ಮೊಬೈಲಿನಲ್ಲಿ ಹುಡುಕಿ ಹನ್ನೊಂದು ಬರೆದುಕೊಂಡು ಬಂದೆ. ಅಕ್ಕ ಪೆನ್ನು ತೆಗೆದುಕೊಂಡು ಎಂಟನ್ನು ಹೊಡೆದುಹಾಕಿದಳು. ಉಳಿದದ್ದು ಮೃಗಾಲಯ, ಅರಮನೆ, ಕಾರಂಜಿ ಕೆರೆ. "ಒಂದು ಹೊತ್ತಿಗೆ ಒಂದೇ ಜಾಗ. ಮಕ್ಕಳ ತಟ್ಟೆಗೆ ಜಾಸ್ತಿ ಬಡಿಸಿದ್ರೆ ಇದ್ದಿದ್ದನ್ನೂ ತಿನ್ನಲ್ಲ" ಎಂದಳು. ಮಂಗಳವಾರ ಮೃಗಾಲಯಕ್ಕೆ ರಜೆ ಎಂಬುದನ್ನು ಯಾರ್ಯಾರನ್ನೋ ಕೇಳಿ ತಿಳಿದುಕೊಂಡು, ಹಬ್ಬದ ಗದ್ದಲ ಮುಗಿದ ಮೇಲಿನ ಬುಧವಾರ ಹೊರಡುವುದೆಂದು ಗೊತ್ತು ಮಾಡಿದಳು. ಮೃಗಾಲಯದ ಒಳಗೆ ಮೂರು ಕಿಲೋಮೀಟರ್ ನಡೆಯಬೇಕು ಎಂದು ಯಾರೋ ಹೇಳಿದ್ದೇ ತಡ, ದಿನಾ ಸಂಜೆ ಮೂರೂ ಮಕ್ಕಳನ್ನು ಶಾಲೆಯ ಬಯಲಿನಲ್ಲಿ ಸುತ್ತು ಹೊಡೆಸತೊಡಗಿದಳು. ಪ್ರದೀಪ ಒಂಬತ್ತನೇ ಸುತ್ತಿಗೆ ಕೂತುಬಿಡುತ್ತಿದ್ದ. "ಒಂಬತ್ತಕ್ಕೆ ಇವ್ನಿಗೆ ಬೆಲ್ಲ ಕೊಡ್ಬೇಕು" ಎಂದು ನೆನಪಿಟ್ಟುಕೊಂಡಳು.

ಬುತ್ತಿಗೆ ಎಳ್ಳು ಹಚ್ಚಿದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಮಂಡಕ್ಕಿ. ಕಳೆದುಹೋದರೆ ಏನು ಗತಿ ಎಂದು ನಾನು ಹೆದರಿದ್ದಕ್ಕೆ ಅವಳು ಮಾಡಿದ ಉಪಾಯ ಕೇಳಿ: ಮೂರೂ ಮಕ್ಕಳ ಮುಂಗೈ ಒಳಗೆ ಮೆಹಂದಿಯಲ್ಲಿ ತನ್ನ ಮೊಬೈಲ್ ನಂಬರ್ ಬರೆದಳು. ಪೆನ್ನಿನಲ್ಲಿ ಬರೆದರೆ ಕೈ ತೊಳೆದಾಗ ಹೋಗುತ್ತದೆ, ಮೆಹಂದಿ ಹದಿನೈದು ದಿನ ಇರುತ್ತದೆ. ಪ್ರದೀಪ ಸಿಕ್ಕಸಿಕ್ಕವರಿಗೆಲ್ಲ ಕೈ ತೋರಿಸಿಕೊಂಡು ಓಡಾಡಿದ.

ಲಾಡ್ಜಿಗೆ ಫೋನು ಮಾಡಿದ್ದೂ ಅವಳೇ. ಬಸ್‌ ಸ್ಟ್ಯಾಂಡ್ ಹತ್ತಿರದ್ದು. ಆ ಕಡೆಯವನು, "ಜೊತೆಗೆ ಗಂಡಸರು ಯಾರು ಬರ್ತಾರಮ್ಮ?" ಎಂದ.

"ಯಾಕ್ರೀ, ನಿಮ್ ರೂಮಿನ ಬೀಗ ಹೆಂಗಸರ ಕೈಗೆ ತೆಗಿಯಾಕೆ ಬರಲ್ವಾ?"

ಅವನು ನಕ್ಕು ರೂಮು ಬರೆದುಕೊಂಡ. ಲಾಡ್ಜು ಎಂಬ ಮಾತು ಮಾವನ ಕಿವಿಗೆ ಬಿದ್ದದ್ದೇ ಮನೆ ಮತ್ತೆ ರಣರಂಗವಾಯಿತು. "ಮುರುಗೇಶಪ್ಪನ ಸೊಸೆಯರು ಲಾಡ್ಜಿನಾಗೆ ಇಳ್ಕಂಡಿದ್ರು ಅಂತ ನಾನು ಯಾವ ಮುಖ ಇಟ್ಕಂಡು ಹೇಳ್ಲಿ?" ಎಂದು ಕೂಗಾಡಿದರು. ಆಮೇಲೆ ಇದ್ದಕ್ಕಿದ್ದಂತೆ ಸುಮ್ಮನಾದರು. ಯಾಕೆ ಸುಮ್ಮನಾದರು ಎನ್ನುವುದು ನಮಗೆ ಬುಧವಾರ ಬೆಳಿಗ್ಗೆ ತಿಳಿಯಿತು.

ಏಳು ಗಂಟೆಗೆ ಬಸ್ಸು. ಆರೂವರೆಗೆ ಬ್ಯಾಗು ಹಿಡಿದು ಹೊಸ್ತಿಲು ದಾಟಿ ಅಂಗಳಕ್ಕೆ ಬಂದರೆ, ಅಯ್ಯೋ ಶಿವನೇ, ಓಣಿಯ ಹೆಂಗಸರೆಲ್ಲ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ನಮ್ಮ ಕಟ್ಟೆಯ ಮುಂದೆ ನಿಂತಿದ್ದಾರೆ! ಒಬ್ಬೊಬ್ಬರ ಕೈಯಲ್ಲೂ ತೆಂಗಿನಕಾಯಿ, ಕರ್ಪೂರ, ಹಳದಿ ಬಟ್ಟೆಯಲ್ಲಿ ಕಟ್ಟಿದ ಮುಡಿಪು. ನಮ್ಮಲ್ಲಿ ಯಾರಾದರೂ ದೂರದ ದೇವರಿಗೆ ಹೊರಟರೆ ಹೀಗೆಯೇ. ಹೋಗಲಾಗದವರು ತಮ್ಮ ಕಾಯಿ, ತಮ್ಮ ಹರಕೆಯ ದುಡ್ಡನ್ನು ಹೋಗುವವರ ಕೈಯಲ್ಲಿ ಕೊಟ್ಟು ಕಳಿಸುತ್ತಾರೆ. ಸೊಸೆಯರು ನಂಜನಗೂಡಿಗೆ ಹೊರಟಿದ್ದಾರೆ ಎಂದು ಮಾವ ಹಿಂದಿನ ದಿನ ಓಣಿಯಿಡೀ ಹೇಳಿಕೊಂಡು ಬಂದಿದ್ದರು. ಈಗ ಕಟ್ಟೆಯ ಮೇಲೆ ಕೂತು ಟವೆಲ್ಲು ಕೊಡವುತ್ತಿದ್ದರು. ನಮ್ಮ ಕಡೆ ನೋಡಲಿಲ್ಲ.

ನೋಡನೋಡುತ್ತಲೇ ಹನ್ನೊಂದು ಕಾಯಿ ನಮ್ಮ ಕಾಲ ಬಳಿ ಕೂತವು. ಎಪ್ಪತ್ತು ದಾಟಿದ ಲಕ್ಷ್ಮಕ್ಕ ಮಂಡಿ ಹಿಡಿದುಕೊಂಡು ಬಂದು, "ಈ ಕಾಲು ನೋವು ವಾಸಿ ಮಾಡಪ್ಪಾ ಅಂತ ಹೇಳವ್ವಾ ಸ್ವಾಮಿಗೆ" ಎಂದು ಹನ್ನೆರಡನೆಯದನ್ನು ಕೊಟ್ರಮ್ಮನ ಕೈಗೇ ಇಟ್ಟಳು.

ನಾನು ಅವಳ ಸೆರಗು ಜಗ್ಗಿದೆ. "ಅಕ್ಕಾ, ನಿನ್ ದಮ್ಮಯ್ಯ, ಇಸ್ಕೊಂಡ್ಬಿಡು. ಮೈಸೂರಿಂದ ಅರ್ಧ ಗಂಟೆ ದಾರಿ. ಒಡೆಸ್ಕಂಡು ಬಂದ್ರಾತು. ಯಾರಿಗೂ ನೋವಿಲ್ಲ."

ನಿಜ ಹೇಳುತ್ತೇನೆ, ಅವಳೂ ಒಂದು ಗಳಿಗೆ ಅಲ್ಲಾಡಿದಳು. ಮುದುಕಿಯ ಕಾಯಿ ಕೈಯಲ್ಲಿದೆ. ಹನ್ನೊಂದು ಮನೆಯವರು ಮುಖ ನೋಡುತ್ತಿದ್ದಾರೆ. ಬೇಡ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಅಷ್ಟರಲ್ಲಿ ಯಾರೋ ಚೈತ್ರನ ಗದ್ದ ಹಿಡಿದು, "ಎಲ್ಲಿಗೆ ಹೊಂಟೀಯೇ ಪುಟ್ಟಿ?" ಎಂದರು. ಹುಡುಗಿ ಬಾಯಿ ಬಿಡಲಿಲ್ಲ. ಅಜ್ಜನ ಕಡೆ ನೋಡಿದಳು, ಕಾಯಿಗಳ ಕಡೆ ನೋಡಿದಳು, ಆಮೇಲೆ ಅವ್ವನ ಮುಖ ನೋಡುತ್ತಾ ನಿಂತಳು. ಏನು ಹೇಳಬೇಕು ಅಂತ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಕೊಟ್ರಮ್ಮ ಬ್ಯಾಗು ಕೆಳಗಿಟ್ಟಳು.

"ಎಲ್ರೂ ಕೇಳ್ರಿ. ನಾವು ನಂಜನಗೂಡಿಗೆ ಹೋಗ್ತಿಲ್ಲ. ಯಾವ ದೇವ್ರಿಗೂ ಹೋಗ್ತಿಲ್ಲ. ಮಕ್ಕಳಿಗೆ ಜಿರಾಫೆ ತೋರ್ಸಾಕೆ ಮೈಸೂರಿಗೆ ಹೋಗ್ತಿದೀವಿ. ನಿಮ್ ಕಾಯಿ ನಾನು ಇಸ್ಕೊಂಡ್ರೆ ನಿಮಗೂ ಮೋಸ, ಸ್ವಾಮಿಗೂ ಮೋಸ."

ಎಲ್ಲರಿಗೂ ಒಮ್ಮೆಲೇ ಮಾತೇ ಮಾತು. ಒಬ್ಬಳು ಕೆನ್ನೆ ಕೆನ್ನೆ ಬಡಿದುಕೊಂಡಳು. ಇನ್ನೊಬ್ಬಳು, "ಬಂದ ಕಾಯಿ ಹಿಂದಕ್ಕೆ ಕಳಿಸ್ತಾರೇನೇ, ಒಳ್ಳೇದಾಗ್ತೈತಾ ನಿಂಗೆ?" ಎಂದಳು. ಮಾವ ಕಟ್ಟೆಯಿಂದ ಧಡಕ್ಕನೆ ಇಳಿದರು.

"ಓಣಿ ಮುಂದೆ ನನ್ ಮಾನ ಕಳೆದೆಲ್ಲೇ!"

"ಸುಳ್ಳು ಹೇಳಿದ್ದು ನೀವು ಮಾವ. ನಾನು ಕಾಯಿ ವಾಪಸ್ ಕೊಡ್ತಿದೀನಿ, ಅಷ್ಟೇ."

"ಹಂಗಾದ್ರೆ ಈ ಹೊಸ್ತಿಲು ದಾಟಬ್ಯಾಡ ನೀನು!"

"ದಾಟಿ ಆತಲ್ಲ ಮಾವ. ಅಂಗಳದಾಗೆ ನಿಂತಿದೀನಿ."

ನನಗೆ ಅಂಥ ಹೊತ್ತಿನಲ್ಲೂ ನಗು ಬಂತು, ಸೆರಗು ಬಾಯಿಗೆ ತುರುಕಿಕೊಂಡೆ. ಅವಳು ಬಗ್ಗಿ ಒಂದೊಂದೇ ಕಾಯಿ ಎತ್ತಿ, ಯಾರದು ಎಂದು ಕೇಳಿ, ಎರಡೂ ಕೈಯಲ್ಲಿ ಹಿಡಿದು, ಕಣ್ಣಿಗೊತ್ತಿಕೊಂಡು ವಾಪಸ್ ಕೊಟ್ಟಳು. ಕೆಲವರು ಕಿತ್ತುಕೊಂಡಂತೆ ತೆಗೆದುಕೊಂಡರು. ಅವರಲ್ಲಿ ಇಬ್ಬರು ಇವತ್ತಿಗೂ ನಮ್ಮ ಜೊತೆ ಮಾತಾಡುವುದಿಲ್ಲ. ಬೇಡ ಬಿಡಿ.

ಕೊನೆಗೆ ಉಳಿದದ್ದು ಲಕ್ಷ್ಮಕ್ಕನದು. ಮುದುಕಿ ಕಾಯಿ ಇಸಿದುಕೊಂಡು ಕೊಟ್ರಮ್ಮನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಅದೇನಂದೆ, ಜಿರಾಪೆ? ಹೆಂಗಿರ್ತೈತೆ ಅದು?"

"ನೋಡಿ ಬಂದು ಹೇಳ್ತೀನಿ ಅಜ್ಜಿ."

"ಸ್ವಾಮಿಗೆ ನಾನೇ ಹೋಗ್ತೀನಿ ತಗಾ. ಕಾಲಿದ್ದಾಗ ಹೋಗ್ಲಿಲ್ಲ, ಈಗ ನಿನ್ ಕೈಲಿ ಕಳಿಸೋಕೆ ನಾಚಿಕೆ ಆಗ್ಬೇಕು ನಂಗೆ" ಎಂದು ಮುದುಕಿ ಕಟ್ಟೆಯ ಕಲ್ಲಿಗೆ ಕಾಯಿಯನ್ನು ಫಟ್ಟನೆ ಬಡಿದಳು. ನೀರು ಮಾವನ ಕಾಲಿಗೂ ಸಿಡಿಯಿತು. ಎರಡು ಹೋಳನ್ನೂ ಚೈತ್ರನ ಕೈಗೆ ಕೊಟ್ಟು, "ದಾರ್ಯಾಗೆ ತಿನ್ರಿ, ಬಸ್ಸು ತಪ್ತೈತೆ, ಓಡ್ರಿ" ಎಂದಳು.

ಓಡಿದೆವು. ದಾವಣಗೆರೆ ಬರುವಷ್ಟರಲ್ಲಿ ಕಾಯಿ ಖಾಲಿ. ಕೊಟ್ರಮ್ಮ ಮಾತ್ರ ಒಂದು ಚೂರನ್ನೂ ಬಾಯಿಗಿಡಲಿಲ್ಲ, ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದಳು. ಸಂಜೆ ಲಾಡ್ಜಿನಲ್ಲಿ ರೂಮಿನ ಬೀಗ ತೆಗೆದಾಗ ನಕ್ಕಳು.

ಮೈಸೂರನ್ನು ಏನು ವರ್ಣಿಸಲಿ, ಎಷ್ಟೋ ಜನ ನೋಡಿರುವ ಊರು. ನನ್ನ ಸಂಧ್ಯಾರಾಣಿಗೆ ಅರಮನೆಗಿಂತ ಲಾಡ್ಜಿನ ಬಿಸಿನೀರಿನ ನಲ್ಲಿ ಇಷ್ಟವಾಯಿತು. ಪ್ರದೀಪ ಆನೆಗೆ ಬೆನ್ನು ಹಾಕಿ ನಿಂತು ಅಳಿಲು ನೋಡಿದ. ಅಕ್ಕ ಲೆಕ್ಕ ಹಾಕಿದ್ದ ಜಾಗದಲ್ಲೇ ಕೂತ, ಬೆಲ್ಲ ತಿಂದ, ಎದ್ದ. ಚೈತ್ರ ಮಾತ್ರ ಯಾವುದರ ಮುಂದೆಯೂ ನಿಲ್ಲದೆ ನಮ್ಮನ್ನು ಎಳೆದುಕೊಂಡು ಹೋದಳು.

ಜಿರಾಫೆ ಬೇಲಿಯಾಚೆ ನಿಂತು ಮೇಲೆ ಕಟ್ಟಿದ್ದ ಸೊಪ್ಪು ಎಳೆಯುತ್ತಿತ್ತು. ಚೈತ್ರ ಕಂಬಿ ಹಿಡಿದು ಕತ್ತು ಮೇಲೆತ್ತಿ, ಕೆಳಗಿನಿಂದ ಮೇಲಿನವರೆಗೆ ನೋಡಿದಳು. ಆಚೆ ಹೋಗಿ ಇನ್ನೊಂದು ಮಗ್ಗುಲಿನಿಂದಲೂ ನೋಡಿದಳು. ಅರ್ಧ ಗಂಟೆ ಆದರೂ ಅಲ್ಲಾಡಲಿಲ್ಲ. ಕೊಟ್ರಮ್ಮ ಅಲ್ಲಿದ್ದ ನೌಕರನೊಬ್ಬನನ್ನು ಹಿಡಿದು, ಇದಕ್ಕೆ ದಿನಕ್ಕೆ ಎಷ್ಟು ಸೊಪ್ಪು ಬೇಕು, ಎಷ್ಟು ಹೊತ್ತಿಗೆ ಹಾಕುತ್ತೀರಿ, ಹಾಕುವವರು ಎಷ್ಟು ಜನ, ಅವರಿಗೆ ರಜೆ ಉಂಟೋ ಎಂದು ವಿಚಾರಿಸತೊಡಗಿದಳು. ಕೊನೆಗೆ ಚೈತ್ರ ಬಂದು ಅವಳ ಸೆರಗು ಹಿಡಿದು, "ಬಿರುಕಿಲ್ಲ ಅವ್ವಾ" ಎಂದಳು. "ನಾಲಿಗೆ ಕರ್ರಗೈತೆ. ಗೋಡೆಯಾಗೆ ಕೆಂಪು ಬರ್ದಿದ್ದಾರೆ, ಅದು ತಪ್ಪು."

ಶುಕ್ರವಾರ ಸಂಜೆ ವಾಪಸ್ ಬಂದೆವು. ಬಾಗಿಲು ತೆರೆದೇ ಇತ್ತು. ಮಾವ ಹೊಸ್ತಿಲ ಮಾತು ಎತ್ತಲಿಲ್ಲ. ನಮ್ಮ ಜೊತೆ ಯಾವ ಮಾತನ್ನೂ ಆಡಲಿಲ್ಲ. ಕಲ್ಲೇಶ್ ಭಾವ ಮಕ್ಕಳ ಕೈಯ ಮೆಹಂದಿ ಇನ್ನೂ ಇದೆಯಾ ಎಂದು ನೋಡಿ ಮೆಷಿನ್ನಿನ ಹತ್ತಿರ ಹೋದರು. ದೇವರಿಗೆ ಹೋಗಿ ಬಂದವರು ಓಣಿಗೆಲ್ಲ ಪ್ರಸಾದ ಹಂಚಬೇಕು. ನಮ್ಮ ಹತ್ತಿರ ಏನಿದೆ ಹಂಚಲು? ಕೊಟ್ರಮ್ಮ ಲಕ್ಷ್ಮಕ್ಕನ ಮನೆಗೆ ಹೋಗಿ ಮೊಬೈಲಿನಲ್ಲಿ ಫೋಟೋ ತೋರಿಸಿ ಬಂದಳು.

ಮಾರನೆಯ ದಿನ ಮಧ್ಯಾಹ್ನ ಮಾವ ಕಟ್ಟೆಯ ಮೇಲೆ ಕೂತಿದ್ದರು. ಮಕ್ಕಳು ಅಲ್ಲೇ ಆಡುತ್ತಿದ್ದವು. ನಾವಿಬ್ಬರೂ ಒಳಗೆ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದೆವು. ಪಕ್ಕದ ಹಟ್ಟಿಯ ಗೋಣೆಪ್ಪ ಕುರಿ ಹೊಡೆದುಕೊಂಡು ಬಂದವನು ನಿಂತ. ಮೊನ್ನೆಯ ಗಲಾಟೆ ಅವನಿಗೆ ಗೊತ್ತಿರಲಿಲ್ಲ.

"ಏನು ಗೌಡ್ರೇ, ಸೊಸೆಯರು ನಂಜನಗೂಡಿಗೆ ಹೋಗಿದ್ರಂತೆ? ದರ್ಶನ ಚೆನ್ನಾಗಾತಾ?"

ಮಾವ ಕೆಮ್ಮಿದರು. "ಹ್ಞೂ ಹ್ಞೂ. ಚೆನ್ನಾಗಾತು. ಸ್ವಾಮಿ ದಯ."

ಕೊಟ್ರಮ್ಮನ ಕೈ ನಿಂತಿತು. ಎದ್ದು ಹೊರಗೆ ಹೋಗಲು ಮೊಣಕಾಲು ಊರಿದಳು. ಅಷ್ಟರಲ್ಲಿ ಹೊರಗಿನಿಂದ ಮೂರು ತಿಂಗಳಿನಿಂದ ಊರಿನಲ್ಲಿ ಯಾರೂ ಕೇಳದಿದ್ದ ಆ ದನಿ, ಓಣಿಯ ಆ ತುದಿಗೂ ಕೇಳುವ ಹಾಗೆ ಬಂತು.

"ಇಲ್ಲ ಅಜ್ಜಾ! ನಾವು ದೇವ್ರಿಗೆ ಹೋಗಿರ್ಲಿಲ್ಲ. ಜಿರಾಫೆ ನೋಡಾಕೆ ಹೋಗಿದ್ವಿ. ನಂಗೆ ನೋಡ್ಬೇಕು ಅನ್ಸಿತ್ತು, ಅದಕ್ಕೆ ಹೋಗಿದ್ವಿ."

ಗೋಣೆಪ್ಪ ಬಾಯಿ ಬಿಟ್ಟುಕೊಂಡು ನಿಂತ. ಅವನ ಕುರಿಗಳು ನಮ್ಮ ಅಂಗಳದ ಕರಿಬೇವಿಗೆ ಬಾಯಿ ಹಾಕಿದವು, ಯಾರೂ ಓಡಿಸಲಿಲ್ಲ. ಮಾವ ಮುಖ ಕೆಂಪಗೆ ಮಾಡಿಕೊಂಡು ಒಳಗೆ ತಿರುಗಿ ಕೂಗಿದರು.

"ಕೇಳಿಸ್ತೇನೇ ಕೊಟ್ರಮ್ಮ? ದೊಡ್ಡೋರ ಮುಂದೆ ಹೆಂಗೆ ಮಾತಾಡ್ತೈತೆ ನೋಡು ನಿನ್ ಮಗಳು!"

"ಕೇಳಿಸ್ತು ಮಾವ" ಎಂದಳು ಕೊಟ್ರಮ್ಮ. "ಇನ್ನೊಂದ್ಸಲ ಹೇಳಾಕೆ ಹೇಳ್ರಿ."